ಪ್ರಚಾರದ ಪಿಕಪ್‌ಗೆ ಎರಡನೇ ಬ್ಯಾಟರಿ: ಮೈಕ್ ಸೆಟ್‌ಗೆ ಒಂದು, ಸೆಲ್ಫ್‌ಗೆ ಒಂದು

ಕುಂದಾಪುರ ಪಿಕಪ್

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಬೊಲೆರೊ ಪಿಕಪ್. ಮಳೆಗಾಲದಲ್ಲಿ ಬಾಡಿಗೆಗೆ ಸಾಮಾನು ಹೊರುತ್ತೇನೆ. ನವೆಂಬರ್‌ನಲ್ಲಿ ಮೇಳಗಳು ಹೊರಟವೆಂದರೆ ಅಲ್ಲಿಂದ ಪತ್ತನಾಜೆವರೆಗೆ (ಮೇ ಕೊನೆ, ಮೇಳಗಳ ತಿರುಗಾಟ ಮುಗಿಯುವ ದಿನ) ಗಾಡಿಗೆ ಎರಡು ಹಾರನ್ ಸ್ಪೀಕರ್ ಕಟ್ಟಿ ಪ್ರಚಾರಕ್ಕೆ ಹೋಗುತ್ತೇನೆ. ಯಕ್ಷಗಾನ, ಕಂಬಳ, ದೇವಸ್ಥಾನದ ಉತ್ಸವ, ಹೀಗೆ. 250 ವ್ಯಾಟ್‌ನ ಆಂಪ್ಲಿಫೈಯರ್ ಇದೆ. ಅದು 12 ವೋಲ್ಟ್‌ನಲ್ಲೇ ನೇರವಾಗಿ ನಡೆಯುತ್ತದೆ.

ಹೋದ ವಾರ ಒಂದು ಊರಿನ ಅಶ್ವತ್ಥಕಟ್ಟೆ ಹತ್ತಿರ ಗಾಡಿ ನಿಲ್ಲಿಸಿ, ಡೀಸೆಲ್ ಉಳಿಯಲಿ ಅಂತ ಇಂಜಿನ್ ಆಫ್ ಮಾಡಿ, ಭಾಗವತಿಕೆಯ ರೆಕಾರ್ಡಿಂಗ್ ಹಾಕಿದ್ದೆ. ಮುಕ್ಕಾಲು ಗಂಟೆ ಆಗಿರಬೇಕು. ಹೊರಡೋಣ ಅಂತ ಕೀ ತಿರುಗಿಸಿದರೆ ಟಿಕ್ ಟಿಕ್ ಅಂತ ಸದ್ದು, ಅಷ್ಟೇ. ಸೆಲ್ಫ್ ಹೊಡೆಯಲೇ ಇಲ್ಲ. ಆಟ ನೋಡಲು ಬನ್ನಿ ಅಂತ ಯಾರನ್ನು ಕರೆಯುತ್ತಿದ್ದೆನೋ ಅವರೇ ಆರು ಜನ ಸೇರಿ ಗಾಡಿ ದೂಡಿದರು. ಮನಸ್ಸಿಗೆ ಬಹಳ ಕೆಟ್ಟೆನಿಸಿತು. ಎರಡು ವರ್ಷದಲ್ಲಿ ಇದು ಮೂರನೇ ಬ್ಯಾಟರಿ.

ಅಂಗಡಿಯಲ್ಲಿ ಕೇಳಿದೆ. ಇನ್ನೊಂದು ಬ್ಯಾಟರಿ ತಂದು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟುಬಿಡಿ, ಡಬಲ್ ಆಗುತ್ತದೆ ಅಂದರು. ಅದು ಸರೀನಾ? ವೈರ್ ಯಾವ ಸೈಜು? ಗೊತ್ತಿದ್ದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ ವೈರಿಂಗ್

ಹಾಗೆ ಮಾಡಬೇಡಿ. ಇಪ್ಪತ್ತು ವರ್ಷದಿಂದ ಗಾಡಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಸುಮ್ನೆ ಜೋಡಿಸಿದ ಎರಡು ಬ್ಯಾಟರಿ ಎಷ್ಟೋ ಬಾರಿ ನನ್ನ ಅಂಗಡಿಗೆ ಒಟ್ಟಿಗೇ ಸತ್ತು ಬಂದಿವೆ.

ಸುಮ್ನೆ ಜೋಡಿಸಿದರೆ ಅದು ಎರಡಲ್ಲ, ಒಂದು ದೊಡ್ಡ ಬ್ಯಾಟರಿ. ಹಾಡು ಎರಡನ್ನೂ ಒಟ್ಟಿಗೆ ಖಾಲಿ ಮಾಡುತ್ತದೆ. ನಿಮಗೆ ಮುಕ್ಕಾಲು ಗಂಟೆಯ ಬದಲು ಒಂದೂವರೆ ಗಂಟೆ ಸಿಗಬಹುದು, ಕೊನೆಗೆ ಅದೇ ಟಿಕ್ ಟಿಕ್. ಹಳೆಯದು ಹೊಸದನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತದೆ, ಅದು ಬೇರೆ.

ಗಾಡಿಯ ಬ್ಯಾಟರಿ ಯಾಕೆ ಬೇಗ ಹೋಗುತ್ತದೆ ಅಂತ ಮೊದಲು ಹೇಳುತ್ತೇನೆ. ಅದರ ಒಳಗಿನ ಪ್ಲೇಟ್‌ಗಳು ತೆಳು, ಸಂಖ್ಯೆ ಜಾಸ್ತಿ. ಎರಡು ಮೂರು ಸೆಕೆಂಡ್ ಇನ್ನೂರು ಆಂಪ್‌ಗೂ ಹೆಚ್ಚು ಕೊಟ್ಟು ಸೆಲ್ಫ್ ತಿರುಗಿಸುವುದಕ್ಕೆ ಅಂತಲೇ ಮಾಡಿದ್ದು. ಲೆಕ್ಕ ಹಾಕಿದರೆ ಒಂದು ಸ್ಟಾರ್ಟ್‌ಗೆ ಖರ್ಚಾಗುವುದು ಕಾಲು ಆಂಪ್-ಅವರ್ ಕೂಡ ಅಲ್ಲ (ಒಂದು ಆಂಪ್ ಕರೆಂಟ್ ಒಂದು ಗಂಟೆ ಕೊಟ್ಟರೆ ಒಂದು ಆಂಪ್-ಅವರ್). ಅಂಥದ್ದನ್ನು ತಾಸುಗಟ್ಟಲೆ ಹಾಡಿಗೆ ಬಳಸಿ ಪೂರ್ತಿ ಇಳಿಸಿದರೆ ಪ್ಲೇಟ್ ಮೇಲಿನ ಮಸಾಲೆ ಉದುರುತ್ತದೆ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಸಲ್ಫೇಟ್ ಗಟ್ಟಿಯಾಗುತ್ತದೆ. ನಿಮ್ಮ ಮೂರು ಬ್ಯಾಟರಿಗಳೂ ಹೀಗೇ ಹೋಗಿವೆ. ಕಂಪನಿಯ ತಪ್ಪಲ್ಲ.

ಇಂಜಿನ್ ನಿಂತಿರುವಾಗ ಎರಡೂ ಬ್ಯಾಟರಿ ಬೇರೆ ಬೇರೆ ಇರಬೇಕು. ಇಂಜಿನ್ ಓಡುವಾಗ ಮಾತ್ರ ಒಂದಾಗಬೇಕು. ಇದಕ್ಕೆ ವೋಲ್ಟೇಜ್ ನೋಡಿ ತಾನೇ ಸೇರುವ ಸ್ವಿಚ್, ಅಂದರೆ ರಿಲೇ ಬರುತ್ತದೆ, ವಿಎಸ್ಆರ್ ಅನ್ನುತ್ತಾರೆ. ಇಂಜಿನ್ ಸ್ಟಾರ್ಟ್ ಆಗಿ ವೋಲ್ಟೇಜ್ 13.3ರ ಆಸುಪಾಸಿಗೆ ಏರಿದಾಗ ಸೇರುತ್ತದೆ, 12.8ಕ್ಕೆ ಇಳಿದಾಗ ಬಿಡುತ್ತದೆ.

ಈಗ ಎರಡು ಕೆಲಸ ಮಾಡಿ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಎಷ್ಟು ವೋಲ್ಟ್ ಇದೆ ಅಂತ ಅಳೆದು ಹೇಳಿ. ವೈರ್ ಸುತ್ತ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಯಾರ ಹತ್ತಿರವಾದರೂ ಇಸಿದುಕೊಂಡು, ಹಾಡುವಾಗ ಆಂಪ್ಲಿಫೈಯರ್ ಎಷ್ಟು ಆಂಪ್ ಎಳೆಯುತ್ತದೆ ನೋಡಿ. ಬ್ಯಾಟರಿ ಖರೀದಿ ಆಮೇಲೆ.

ಮಂಗಳೂರು ಸಬ್‌ವೂಫರ್

ನನ್ನದು ಪ್ರಚಾರದ ಗಾಡಿ ಅಲ್ಲ, ಸ್ವಂತ ಕಾರು. ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್, 500 ವ್ಯಾಟ್ ಆಂಪ್ಲಿಫೈಯರ್. ರಾತ್ರಿ ಬೇಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತಿತ್ತು. ನಾನೂ ಎರಡನೇ ಬ್ಯಾಟರಿ ಹಾಕಬೇಕು ಅಂತಲೇ ಹೊರಟವನು.

ಅದಕ್ಕೂ ಮೊದಲು ಒಂದು ಫ್ಯಾರಡ್ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟು ಥಟ್ಟನೆ ಕೊಡುವ ಡಬ್ಬ) ಹಾಕಿಸಿಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದೆ. 14 ವೋಲ್ಟ್‌ನಿಂದ 12ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡುವುದು 26 ಜೂಲ್. 500 ವ್ಯಾಟ್‌ಗೆ ಅದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬಂತು. ದುಡ್ಡು ಹೋಯಿತು.

ಲೈಟ್ ಮಂಕಾಗುವುದು ನಿಂತದ್ದು ಮೂರು ವೈರ್ ಬದಲಾಯಿಸಿದ ಮೇಲೆ. ಆಲ್ಟರ್ನೇಟರ್‌ನಿಂದ (ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಭಾಗ) ಬ್ಯಾಟರಿ ಪ್ಲಸ್‌ಗೆ ಒಂದು, ಬ್ಯಾಟರಿ ಮೈನಸ್‌ನಿಂದ ಕಾರಿನ ಲೋಹದ ಮೈಗೆ ಒಂದು, ಇಂಜಿನ್‌ನಿಂದ ಅದೇ ಮೈಗೆ ಇನ್ನೊಂದು. ಮೂರಕ್ಕೂ ದಪ್ಪ ತಾಮ್ರದ ವೈರ್. ಅಷ್ಟರಲ್ಲೇ ಮುಗಿಯಿತು, ಎರಡನೇ ಬ್ಯಾಟರಿ ಬೇಕಾಗಲೇ ಇಲ್ಲ. ಓಡಿಸುವಾಗ ಮಾತ್ರ ಹಾಡು ಕೇಳುವವರು ಮೊದಲು ಇದನ್ನು ಮಾಡಿ ನೋಡಿ. ಇಂಜಿನ್ ಆಫ್ ಮಾಡಿ ಕೇಳುವವರ ವಿಷಯ ಬೇರೆ, ಅವರಿಗೆ ಬ್ಯಾಟರಿ ಬೇಕೇ ಬೇಕು.

ಕುಂದಾಪುರ ಪಿಕಪ್

ಅಣ್ಣ, ಅಳೆದೆ. ಇಂಜಿನ್ ಓಡುವಾಗ 14.2. ಹೆಡ್‌ಲೈಟ್ ಹಾಕಿದರೆ 14.0.

ಸುಮ್ನೆ ಅನೌನ್ಸ್ ಮಾಡುವಾಗ 5ರಿಂದ 7 ಆಂಪ್ ಇತ್ತು. ಹಾಡಿಗೆ 10, 12. ಚೆಂಡೆ ಜೋರಾಗಿ ಬಿದ್ದಾಗ ಮುಳ್ಳು ಹಾರಿದ ಹಾಗೆ 25 ದಾಟುತ್ತದೆ, ತಕ್ಷಣ ಇಳಿಯುತ್ತದೆ. 250 ವ್ಯಾಟ್ ಅಂದರೆ ಯಾವಾಗಲೂ 20ರ ಮೇಲೆ ಎಳೆಯುತ್ತದೆ ಅಂತ ತಿಳಿದಿದ್ದೆ.

ತೀರ್ಥಹಳ್ಳಿ ವೈರಿಂಗ್

ಒಳ್ಳೆಯ ಕೆಲಸ ಮಾಡಿದಿರಿ. ಹಾಡು, ಮಾತು ಎರಡರಲ್ಲೂ ಜೋರು ಇರುವುದು ಆಗೊಮ್ಮೆ ಈಗೊಮ್ಮೆ. ಆದ್ದರಿಂದ ಬ್ಯಾಟರಿಯನ್ನು ಸರಾಸರಿ ನೋಡಿ ತೆಗೆದುಕೊಳ್ಳಬೇಕು. ವೈರ್ ಮತ್ತು ಫ್ಯೂಸ್ ಮಾತ್ರ ಜೋರಿನ ಲೆಕ್ಕದಲ್ಲೇ ಇರಬೇಕು.

ಸರಾಸರಿ 12 ಆಂಪ್ ಅಂತಲೇ ಇಟ್ಟುಕೊಳ್ಳಿ. 100 ಆಂಪ್-ಅವರ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಆಗ ವರ್ಷಗಟ್ಟಲೆ ಬಾಳುತ್ತದೆ. 50ನ್ನು 12ರಿಂದ ಭಾಗಿಸಿದರೆ ನಾಲ್ಕು ಗಂಟೆ. ಇಂಜಿನ್ ಆಫ್ ಮಾಡಿ ನೀವು ದಿನಕ್ಕೆ ನಾಲ್ಕು ಗಂಟೆ ನಿಲ್ಲುವುದಿಲ್ಲ ಅಲ್ವಾ? 100 ಸಾಕು. 150 ತಂದರೆ ಅದನ್ನು ತುಂಬಿಸುವುದಕ್ಕೆ ನಿಮ್ಮ ಓಡಾಟ ಸಾಲುವುದಿಲ್ಲ. ಎರಡನೇ ಬ್ಯಾಟರಿ ಕರೆಂಟ್ ಹುಟ್ಟಿಸುವುದಿಲ್ಲ ನೋಡಿ. ಆಲ್ಟರ್ನೇಟರ್ ಹಾಕಿದ್ದನ್ನೇ ಅದು ವಾಪಸ್ ಕೊಡಬೇಕು. ಆಲ್ಟರ್ನೇಟರ್ ಮೇಲೆ ಬರೆದ ಆಂಪ್ ಐಡ್ಲಿಂಗ್‌ನಲ್ಲಿ ಸಿಗುವುದಿಲ್ಲ, ಅರ್ಧದಷ್ಟು ಸಿಕ್ಕರೆ ಪುಣ್ಯ. ನಿಲ್ಲಿಸಿಕೊಂಡು ರೇಸ್ ಮಾಡಿ ಚಾರ್ಜ್ ಮಾಡುತ್ತೇನೆ ಅಂದುಕೊಳ್ಳಬೇಡಿ.

ನಿಮ್ಮದು ಸ್ಥಿರವಾಗಿ 14.2 ಇರುವುದರಿಂದ ವಿಎಸ್ಆರ್ ಧಾರಾಳವಾಗಿ ನಡೆಯುತ್ತದೆ.

ವೈರ್ ವಿಷಯಕ್ಕೆ ಬರೋಣ. ಬೊನೆಟ್‌ನಿಂದ ಹಿಂದಿನ ಟ್ರೇವರೆಗೆ ಹೆಚ್ಚು ಕಡಿಮೆ 5 ಮೀಟರ್. 6 ಸ್ಕ್ವೇರ್ ಎಂಎಂ ವೈರ್‌ನಲ್ಲಿ 40 ಆಂಪ್ ಹೋದರೆ ದಾರಿಯಲ್ಲೇ 0.6 ವೋಲ್ಟ್ ಹೋಗುತ್ತದೆ. 14.2 ಇದ್ದದ್ದು ಹಿಂದೆ ತಲುಪುವಾಗ 13.6. ಅದರಲ್ಲಿ ಬ್ಯಾಟರಿ ತುಂಬುವುದು ನಿಧಾನ. 25 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.15. ಅದನ್ನೇ ಹಾಕಿ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಬೇಡ.

ಫ್ಯೂಸ್ ಎರಡು ಬೇಕು. ಮುಂದಿನ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಒಂದು, ಹಿಂದಿನದರ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇನ್ನೊಂದು. ಎರಡೂ 100 ಆಂಪ್. ಆಂಪ್ಲಿಫೈಯರ್‌ಗೆ ಹೋಗುವ ವೈರ್‌ಗೆ ಪ್ರತ್ಯೇಕವಾಗಿ 40ರದ್ದು, ಅದಕ್ಕೆ 10 ಸ್ಕ್ವೇರ್ ಎಂಎಂ ವೈರ್.

ಹಾಸನ ಇನ್ವರ್ಟರ್

ಇಷ್ಟೆಲ್ಲ ಖರ್ಚು ಯಾಕೆ? ಮನೆಯ ಇನ್ವರ್ಟರ್‌ಗೆ ಬರುವ ಟ್ಯೂಬುಲರ್ ಬ್ಯಾಟರಿ ಇಡಬಹುದಲ್ಲ. ತಾಸುಗಟ್ಟಲೆ ಕೊಡುವುದಕ್ಕೆಂದೇ ಮಾಡಿದ್ದು, ಪ್ಲೇಟ್ ದಪ್ಪ, ಗಾಡಿ ಬ್ಯಾಟರಿಗಿಂತ ಹೆಚ್ಚು ಇಳಿಸಿದರೂ ತಾಳಿಕೊಳ್ಳುತ್ತದೆ. ನಮ್ಮ ಊರ ಜಾತ್ರೆಯಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಅದನ್ನೇ ಇಟ್ಟು ಮೈಕ್ ಸೆಟ್ ನಡೆಸುತ್ತಾರೆ.

ತೀರ್ಥಹಳ್ಳಿ ವೈರಿಂಗ್

ನಿಂತ ಟ್ರೈಲರ್‌ಗೆ ಅದು ಒಳ್ಳೆಯ ಬ್ಯಾಟರಿ, ನಾನೂ ಒಪ್ಪುತ್ತೇನೆ. ಓಡುವ ಪಿಕಪ್‌ಗೆ ನಾನು ಕೊಡುವುದಿಲ್ಲ. 150ರದ್ದಾದರೆ ತೂಕ 50 ಕೆಜಿ ದಾಟುತ್ತದೆ, ಎತ್ತರವೂ ಜಾಸ್ತಿ. ತಿರುವಿನಲ್ಲಿ ವಾಲಿದರೆ ಆಸಿಡ್ ನೀರು ಹೊರಗೆ ಬರುತ್ತದೆ. ನಾಲ್ಕು ತಿಂಗಳಲ್ಲಿ ಟ್ರೇಯ ತಗಡು ಜರಡಿ ಆದದ್ದನ್ನು ಕಂಡಿದ್ದೇನೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗ ಸೇರಿದರೆ ಒಂದು ಕಿಡಿ ಸಾಕು. ತೆರೆದ ಟ್ರೇಯಲ್ಲಿ ಗಾಳಿಗೆ ಹೋಗುತ್ತದೆ, ಟಾರ್ಪಾಲು ಹೊದಿಸಿದ ಗಾಡಿಯಲ್ಲಿ ಅಥವಾ ಕಾರಿನ ಡಿಕ್ಕಿಯಲ್ಲಿ ಎಲ್ಲಿಗೆ ಹೋಗಬೇಕು?

ಅದಕ್ಕೇ ನಾನು ಹೇಳುವುದು ನೀರು ಹಾಕಬೇಕಿಲ್ಲದ, ಸೀಲ್ ಆದ ವಿಆರ್‌ಎಲ್ಎ ಬ್ಯಾಟರಿ. 100ರದ್ದು 30 ಕೆಜಿ ಆಸುಪಾಸು. ಅದನ್ನೂ ಗಾಳಿ ಆಡುವ ಪೆಟ್ಟಿಗೆಯಲ್ಲೇ ಇಡಬೇಕು.

ಶಿರಸಿ ಘಟ್ಟ

ಫ್ಯೂಸ್ ಬಗ್ಗೆ ಅಣ್ಣ ಹೇಳಿದ್ದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ನನ್ನ ಕಥೆ ಹೇಳುತ್ತೇನೆ.

ಒಂದು ಅಂಗಡಿಯಲ್ಲಿ ನನ್ನ ಜೀಪಿಗೆ ಎರಡನೇ ಬ್ಯಾಟರಿ ಹಾಕಿಸಿದೆ. ಬೊನೆಟ್‌ನಿಂದ ಒಳಗೆ ವೈರ್ ತರುವುದಕ್ಕೆ ತಗಡಿನಲ್ಲಿ ತೂತು ಕೊರೆದರು. ತೂತಿಗೆ ರಬ್ಬರ್ ಬುಷ್ ಹಾಕಲಿಲ್ಲ. ಫ್ಯೂಸ್ ಒಂದೇ, ಅದೂ ಆಂಪ್ಲಿಫೈಯರ್ ಹತ್ತಿರ. ಮೂರು ತಿಂಗಳು ಏನೂ ಆಗಲಿಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಡ್ಯಾಶ್‌ಬೋರ್ಡ್ ಕೆಳಗೆ ಬಗ್ಗಿ ನೋಡಿದರೆ ವೈರ್ ಮೇಲಿನ ಕೆಂಪು ಸಿಪ್ಪೆ ಗುಳ್ಳೆ ಗುಳ್ಳೆಯಾಗಿ ಏಳುತ್ತಿತ್ತು. ತಗಡಿನ ಅಂಚು ತಿಕ್ಕಿ ತಿಕ್ಕಿ ಸಿಪ್ಪೆ ಕತ್ತರಿಸಿತ್ತು.

ಇಂಜಿನ್ ಆಫ್ ಮಾಡಿದೆ, ನಿಲ್ಲಲಿಲ್ಲ. ಹತ್ತರ ಸ್ಪ್ಯಾನರ್ ಹುಡುಕಿ ಮುಂದಿನ ಬ್ಯಾಟರಿಯ ಟರ್ಮಿನಲ್ ಬಿಚ್ಚಿದೆ. ಆಗಲೂ ನಿಲ್ಲಲಿಲ್ಲ, ಯಾಕೆಂದರೆ ಹಿಂದಿನ ಬ್ಯಾಟರಿ ಆ ಕಡೆಯಿಂದ ಕೊಡುತ್ತಲೇ ಇತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ, ಮಗು ಇದ್ದರು. ಅವರನ್ನು ಇಳಿಸಿ, ಸೀಟು ಎತ್ತಿ, ಎರಡನೆಯದನ್ನು ಬಿಚ್ಚಿದ ಮೇಲೆ ಹೊಗೆ ನಿಂತಿತು. ಈಗ ನನ್ನ ಗಾಡಿಯಲ್ಲಿ ಎರಡೂ ತುದಿಗೆ ಫ್ಯೂಸ್ ಇದೆ, ತೂತಿಗೆ ರಬ್ಬರ್ ಇದೆ, ವೈರ್‌ಗೆ ಉದ್ದಕ್ಕೂ ಪೈಪ್ ಇದೆ. ಹತ್ತರ ಸ್ಪ್ಯಾನರ್ ಚಾಲಕನ ಬಾಗಿಲ ಜೇಬಿನಲ್ಲೇ ಇರುತ್ತದೆ.

ದಾವಣಗೆರೆ ಬಿಎಸ್ 6

ನನ್ನದು 2022ರ ಗಾಡಿ. ವಿಎಸ್ಆರ್ ಹಾಕಿಸಿದೆ, ಎರಡನೇ ಬ್ಯಾಟರಿ ತುಂಬುವುದೇ ಇಲ್ಲ. ಓಡಿಸುತ್ತಾ ಇರುವಾಗಲೇ ರಿಲೇ ಟಕ್ ಅಂತ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಸೇರುತ್ತದೆ. ರಿಲೇ ಕೆಟ್ಟಿದೆಯೇ?

ತೀರ್ಥಹಳ್ಳಿ ವೈರಿಂಗ್

ರಿಲೇ ಸರಿಯಾಗೇ ಇರಬಹುದು. ಹೊಸ ಗಾಡಿಗಳು ಹಲವದರಲ್ಲಿ ಆಲ್ಟರ್ನೇಟರ್ ಎಷ್ಟು ಕೊಡಬೇಕು ಅಂತ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ. ಇಂಧನ ಉಳಿಸಲು, ಮುಂದಿನ ಬ್ಯಾಟರಿ ತುಂಬಿದೆ ಅಂತ ಕಂಡರೆ ವೋಲ್ಟೇಜ್ ಇಳಿಸಿಬಿಡುತ್ತದೆ. 12.8ಕ್ಕಿಂತ ಕೆಳಗೆ ಹೋದರೆ ರಿಲೇ ಬಿಡಲೇಬೇಕು. ಓಡಿಸುವಾಗ ಇನ್ನೊಬ್ಬರು ಪಕ್ಕ ಕುಳಿತು ಮೀಟರ್ ನೋಡಲಿ. 14, 12.6, ಮತ್ತೆ 14 ಅಂತ ಆಡುತ್ತಿದ್ದರೆ ವಿಎಸ್ಆರ್ ನಿಮಗಲ್ಲ. ಡಿಸಿ-ಡಿಸಿ ಚಾರ್ಜರ್ ಬೇಕು. ಮುಂದೆ 12.6 ಇದ್ದರೂ ಅದು ಹಿಂದೆ 14.4 ಮಾಡಿ ಕೊಡುತ್ತದೆ. 20 ಆಂಪ್‌ನದು ಸಾಕು.

ಇನ್ನೊಂದು ಮಾತು. ಅಂಥ ಗಾಡಿಗಳಲ್ಲಿ ಬ್ಯಾಟರಿ ಮೈನಸ್ ಟರ್ಮಿನಲ್ ಮೇಲೇ ಒಂದು ಸೆನ್ಸರ್ ಇರುತ್ತದೆ. ನೀವು ಸೇರಿಸುವ ಮೈನಸ್ ವೈರ್ ಅನ್ನು ಟರ್ಮಿನಲ್‌ಗೆ ಕೊಡಬೇಡಿ, ಚಾಸಿಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಕೊಡಿ. ವಾರಂಟಿ ಇದ್ದರೆ ಷೋರೂಮ್‌ನಲ್ಲಿ ಬರವಣಿಗೆಯಲ್ಲಿ ಕೇಳಿಕೊಂಡು ಮುಂದುವರಿಯಿರಿ.

ದುಬೈ ಕರಾವಳಿ

ಇಲ್ಲಿ ಮರಳುಗಾಡಿನಲ್ಲಿ ಕ್ಯಾಂಪ್ ಮಾಡುವವರು ಫ್ರಿಜ್‌ಗೆ, ಹಾಡಿಗೆ ಎರಡನೇ ಬ್ಯಾಟರಿ ಹಾಕಿಸುವುದು ಸಾಮಾನ್ಯ. ನಾನೂ ಹಾಕಿಸಿದ್ದೇನೆ. ಬಿಸಿ ಬಗ್ಗೆ ಮಾತ್ರ ಹೇಳುತ್ತೇನೆ. ಲೆಡ್ ಆಸಿಡ್ ಬ್ಯಾಟರಿಗೆ ಸುಮಾರು 10 ಡಿಗ್ರಿ ಬಿಸಿ ಜಾಸ್ತಿಯಾದರೆ ಆಯಸ್ಸು ಅರ್ಧ ಅಂತ ಲೆಕ್ಕ. ಎರಡನೆಯದನ್ನು ಬೊನೆಟ್ ಒಳಗೆ ಜಾಗ ಇದೆ ಅಂತ ಇಡಬೇಡಿ.

ಲಿಥಿಯಂ ಐರನ್ ಫಾಸ್ಫೇಟ್ ನೋಡುವವರಿಗೆ: 100 ಆಂಪ್-ಅವರ್‌ನದು 12 ಕೆಜಿ ಆಸುಪಾಸು, ಮುಕ್ಕಾಲು ಭಾಗ ಬಳಸಿದರೂ ತೊಂದರೆ ಇಲ್ಲ. ಆದರೆ ಖಾಲಿ ಇರುವಾಗ ಕೊಟ್ಟಷ್ಟೂ ಎಳೆಯುತ್ತದೆ. ಬರೀ ರಿಲೇ ಮೂಲಕ ಕೊಟ್ಟು ನನ್ನ ಗೆಳೆಯರೊಬ್ಬರ ಆಲ್ಟರ್ನೇಟರ್ ಸುಟ್ಟಿತು. ಲಿಥಿಯಂಗೆ ಡಿಸಿ-ಡಿಸಿ ಚಾರ್ಜರ್ ಇಲ್ಲದೆ ಕೈ ಹಾಕಬೇಡಿ.

ಸಾಗರದ ಮೇಷ್ಟ್ರು

ನಾನು ವೈರಿಂಗ್ ತಿಳಿದವನಲ್ಲ. ಶಾಲೆಯ ಎದುರೇ ಪ್ರಚಾರದ ಗಾಡಿಗಳು ನಿಲ್ಲುತ್ತವೆ, ಮಕ್ಕಳಿಗೆ ಪಾಠ ಕೇಳುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಜನ ವಾಸಿಸುವ ಕಡೆ ಹಗಲು 55 ಡೆಸಿಬೆಲ್ ಮಿತಿ.

ನಮ್ಮ ಶಾಲೆಯ ವಿಜ್ಞಾನದ ಮೇಡಂ ಹೇಳಿದ ಒಂದು ಸಂಗತಿ ನಿಮಗೂ ಉಪಯೋಗವಾಗಬಹುದು. ಸದ್ದನ್ನು 3 ಡೆಸಿಬೆಲ್ ಇಳಿಸಿದರೆ ಕಿವಿಗೆ ಅಷ್ಟೇನೂ ವ್ಯತ್ಯಾಸ ತಿಳಿಯುವುದಿಲ್ಲವಂತೆ, ಆದರೆ ಸ್ಪೀಕರ್‌ಗೆ ಹೋಗುವ ಪವರ್ ಅರ್ಧವಾಗುತ್ತದಂತೆ.

ಕುಂದಾಪುರ ಪಿಕಪ್

ಮೇಷ್ಟ್ರೇ, ಶಾಲೆ ಹತ್ತಿರ ನಾನು ಮೈಕ್ ಬಂದ್ ಮಾಡುತ್ತೇನೆ. ನಮ್ಮ ಮಗಳೂ ಅಂಥದ್ದೇ ರಸ್ತೆ ಬದಿಯ ಶಾಲೆಗೆ ಹೋಗುತ್ತಾಳೆ. ವಾಲ್ಯೂಮ್ ಒಂದು ಗೆರೆ ಇಳಿಸಿ ಅಳೆದೆ, 12 ಇದ್ದದ್ದು 8ಕ್ಕೆ ಬಂತು! ಊರವರು ಯಾರೂ ಕೇಳಿಸಲಿಲ್ಲ ಅನ್ನಲಿಲ್ಲ.

ಕೆಲಸ ಮುಗಿಯಿತು, ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ಎರಡು ಭಾನುವಾರ ಹಿಡಿಯಿತು. ಟ್ರೇಯ ಮುಂದಿನ ಮೂಲೆಯಲ್ಲಿ ಆಂಗಲ್‌ನಿಂದ ಚೌಕಟ್ಟು ಮಾಡಿಸಿ, ಬೋಲ್ಟ್ ಹಾಕಿ, ಮೇಲಿನಿಂದ ಪಟ್ಟಿ ಬಿಗಿದೆ. ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಬ್ಯಾಟರಿ ಅಲುಗದೆ ಇಡೀ ಗಾಡಿ ಅಲುಗುತ್ತದೆ. ವೈರ್ ಅನ್ನು ಚಾಸಿ ಉದ್ದಕ್ಕೂ ಪೈಪ್‌ನಲ್ಲಿ ತಂದಿದ್ದೇನೆ, ಸೈಲೆನ್ಸರ್ ಆ ಕಡೆ, ವೈರ್ ಈ ಕಡೆ. ಲಗ್‌ಗಳನ್ನು (ವೈರ್ ತುದಿಗೆ ಹಾಕುವ ತೂತಿನ ಲೋಹದ ತುಂಡು) ಸುತ್ತಿಗೆಯಲ್ಲಿ ಹೊಡೆಯದೆ ಹೈಡ್ರಾಲಿಕ್ ಕ್ರಿಂಪಿಂಗ್ ಇರುವವರ ಹತ್ತಿರ ಒತ್ತಿಸಿದೆ.

ಮೈನಸ್ ಕೊಡುವಾಗ ತಪ್ಪು ಮಾಡಿದ್ದೆ. ಟ್ರೇಯ ತಗಡಿಗೇ ಬೋಲ್ಟ್ ಹಾಕಿದ್ದೆ. ಹಾಡು ಜೋರಾದಾಗ ಆಂಪ್ಲಿಫೈಯರ್ ಆಫ್ ಆಗಿ ಆನ್ ಆಗುತ್ತಿತ್ತು. ಮೀಟರ್ ಹಿಡಿದು ನೋಡಿದರೆ ಟ್ರೇಗೂ ಚಾಸಿಗೂ ನಡುವೆ ಒಂದು ವೋಲ್ಟ್ ಹತ್ತಿರ ವ್ಯತ್ಯಾಸ. ಟ್ರೇ ಕೂತಿದ್ದು ಬಣ್ಣ, ತುಕ್ಕಿನ ಮೇಲೆ. ಚಾಸಿಯಲ್ಲಿ ಜಾಗ ಹುಡುಕಿ, ಬಣ್ಣವನ್ನು ಹೊಳೆಯುವವರೆಗೆ ಕೆರೆದು, ಬೋಲ್ಟ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಮುಂದೆ ಬ್ಯಾಟರಿ ಮೈನಸ್‌ನಿಂದ ಚಾಸಿಗೂ ಹೊಸ ದಪ್ಪ ವೈರ್ ಕೊಟ್ಟೆ. ಆಮೇಲೆ ಆಂಪ್ಲಿಫೈಯರ್ ಒಮ್ಮೆಯೂ ಆಫ್ ಆಗಲಿಲ್ಲ.

ನಿನ್ನೆ ಸಂಜೆ ಪರೀಕ್ಷೆ ಮಾಡಿದೆ. ಇಂಜಿನ್ ಆಫ್, ಒಂದೂವರೆ ಗಂಟೆ ಹಾಡು. ಹಿಂದಿನ ಬ್ಯಾಟರಿ 12.7 ಇದ್ದದ್ದು ಹಾಡುತ್ತಿರುವಾಗಲೇ 12.3. ಮುಂದಿನದು 12.6ರಿಂದ ಅಲುಗಲಿಲ್ಲ. ಕೀ ತಿರುಗಿಸಿದೆ, ಒಂದೇ ಸಲಕ್ಕೆ ಸ್ಟಾರ್ಟ್. ಸ್ವಲ್ಪ ಹೊತ್ತಿಗೆ ರಿಲೇ ಟಕ್ ಅಂತು. ವೈರ್‌ನಲ್ಲಿ ಮೊದಲು 28 ಆಂಪ್ ಹೋಗುತ್ತಿತ್ತು, ಇಪ್ಪತ್ತು ನಿಮಿಷಕ್ಕೆ 11ಕ್ಕೆ ಬಂತು.

ಒಂದು ತೊಂದರೆ ಉಳಿದಿದೆ. ಇಂಜಿನ್ ಓಡುವಾಗ ಹಾರನ್‌ನಲ್ಲಿ ಕುಯ್ಯ್ ಅಂತ ಸಣ್ಣ ಸದ್ದು. ರೇಸ್ ಮಾಡಿದರೆ ಸದ್ದೂ ಏರುತ್ತದೆ.

ಮಂಗಳೂರು ಸಬ್‌ವೂಫರ್

ಹಾಡನ್ನು ಮೊಬೈಲ್‌ನಿಂದ ಹಾಕುತ್ತೀರಾ? ಮೊಬೈಲ್ ಅನ್ನು ಡ್ಯಾಶ್‌ಬೋರ್ಡಿನ ಸಾಕೆಟ್‌ನಲ್ಲಿ ಚಾರ್ಜ್‌ಗೆ ಹಾಕಿರುತ್ತೀರಾ? ಹಾಗಿದ್ದರೆ ಚಾರ್ಜರ್ ಕಿತ್ತು ನೋಡಿ. ಮೊಬೈಲ್‌ಗೆ ಮುಂದಿನಿಂದ ಒಂದು ಅರ್ಥ್ (ಮೈನಸ್ ದಾರಿ), ಆಂಪ್ಲಿಫೈಯರ್ ಕಡೆಯಿಂದ ಇನ್ನೊಂದು ಅರ್ಥ್ ಸಿಕ್ಕಿ ಆಲ್ಟರ್ನೇಟರ್ ಸದ್ದು ಆ ದಾರಿಯಲ್ಲಿ ಬರುತ್ತದೆ.

ಕುಂದಾಪುರ ಪಿಕಪ್

ಮಾರಾಯ್ರೆ, ಅದೇ! ಚಾರ್ಜರ್ ಕಿತ್ತ ಕೂಡಲೇ ನಿಂತಿತು. ಇನ್ನು ಮೊಬೈಲ್ ಚಾರ್ಜರ್ ಅನ್ನೂ ಹಿಂದಿನ ಬ್ಯಾಟರಿಗೇ ಕೊಡುತ್ತೇನೆ.

ತೀರ್ಥಹಳ್ಳಿ ವೈರಿಂಗ್

ಕೊಡಿ, ಅದಕ್ಕೂ ಒಂದು ಸಣ್ಣ ಫ್ಯೂಸ್ ಇರಲಿ. ಹಾಡುವಾಗ ಮೀಟರ್ 12.0 ತೋರಿಸಿದರೆ ಅಲ್ಲಿಗೆ ನಿಲ್ಲಿಸಿ, ಇಲ್ಲವೇ ಇಂಜಿನ್ ಸ್ಟಾರ್ಟ್ ಮಾಡಿ. ವಾರಕ್ಕೊಂದು ರಾತ್ರಿ ಮನೆಯಲ್ಲಿ ಕರೆಂಟ್ ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ, ಕೊನೆಯ ಇಪ್ಪತ್ತು ಪರ್ಸೆಂಟ್ ಗಾಡಿಯ ಓಡಾಟದಲ್ಲಿ ತುಂಬುವುದು ಕಷ್ಟ. ಮಳೆಗಾಲದಲ್ಲಿ ಹಾರನ್ ಬಿಚ್ಚಿಟ್ಟ ಮೇಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಒಂದು ವಾರ ಓಡಿಸಿದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ. ಹಾಡು ನಡೆಯುತ್ತಿರುವಾಗ ಒಂದೊಂದು ಲಗ್ ಮೇಲೂ ಬೆರಳ ಹಿಂಭಾಗ ಇಟ್ಟು ನೋಡಿ. ಯಾವುದು ಬೆಚ್ಚಗಿದೆಯೋ ಅದನ್ನು ಬಿಚ್ಚಿ, ಉಜ್ಜಿ, ಮತ್ತೆ ಹಾಕಿ.